ಶಾಂತಿಸಾಗರ ಫೀಡರ್

ಟೀವಿಯ ಪರದೆ ಬೆಳ್ಳಗಾದಾಗ ಹೆಚ್ಚು ಕರೆಂಟ್ ಎಳೆಯುತ್ತದೆ, ಕಪ್ಪಗಾದಾಗ ಕಡಿಮೆ. ಹುಬ್ಬಳ್ಳಿ ಎರಡು ಬಣ್ಣದ ಊರಾಗಲು ಇದಕ್ಕಿಂತ ದೊಡ್ಡ ವಿಜ್ಞಾನ ಬೇಕಾಗಲಿಲ್ಲ.

ಹೊಸ ಮೀಟರುಗಳು ಬಂದಾಗ ಬಿಲ್ಲು ಏರುತ್ತದೆಂದು ಮಾತ್ರ ಜನ ಹೆದರಿದ್ದರು. ಆ ಮೀಟರು ಒಂದೇ ಸೆಕೆಂಡಿನಲ್ಲಿ ಹಲವು ಸಲ ಮನೆಯ ಕರೆಂಟ್ ಅಳೆಯುತ್ತಿತ್ತು. ಫ್ರಿಜ್ಜು ಕರೆಂಟ್ ಎಳೆಯುವ ರೀತಿಯೇ ಬೇರೆ, ಮಿಕ್ಸರಿನದು ಬೇರೆ, ಟೀವಿಯದು ಬೇರೆ. ಟೀವಿಯ ಏರಿಳಿತವನ್ನು ತೆಗೆದು, ಅದೇ ಹೊತ್ತಿಗೆ ಬಿತ್ತರವಾದ ಚಾನೆಲ್‌ಗಳ ಬೆಳಕಿನ ಏರಿಳಿತದ ಪಕ್ಕದಲ್ಲಿಟ್ಟರೆ ಸಾಕು. ಆ ಮನೆಯವರು ಯಾರ ಭಾಷಣ ನೋಡಿದರು, ಎಷ್ಟು ಹೊತ್ತು ನೋಡಿದರು, ಯಾರ ಮುಖ ಕಂಡ ಕೂಡಲೇ ಬಂದ್ ಮಾಡಿದರು ಎಂಬುದೆಲ್ಲ ಗೊತ್ತಾಗುತ್ತದೆ. ವಿದ್ಯುತ್ ಕಂಪನಿ ಇದನ್ನು ‘ನಮ್ಮೋಣಿ’ ಎಂಬ ಆ್ಯಪಿಗೆ ಮಾರಿತು. ಆ್ಯಪು ಮನೆಮನೆಗೂ ಪಕ್ಷದ ಅಂಕ ಕೊಟ್ಟು ಊರಿನ ನಕ್ಷೆಗೆ ಬಣ್ಣ ಹಚ್ಚಿತು. ಕೊಡೆ ಪಕ್ಷದ ಓಣಿ ಹಳದಿ, ಬುಗುರಿ ಪಕ್ಷದ್ದು ನೇರಳೆ, ಎರಡೂ ಕಲೆತಿದ್ದರೆ ಬೂದಿ.

ಮನೆ ಹುಡುಕುವವರು ನಳದ ನೀರಿನ ಬಗ್ಗೆ ಕೇಳುವ ಮೊದಲು ಬಣ್ಣ ಕೇಳತೊಡಗಿದರು. ತನ್ನಂತೆ ಯೋಚಿಸುವವರ ನಡುವೆ, ಜಗಳವಿಲ್ಲದೆ ಇರುವುದು ಯಾರಿಗೆ ಬೇಡ? ನಿಮ್ಮ ಮನೆಯ ಅಂಕ ತೋರಿಸುವುದು ಬಿಡುವುದು ನಿಮ್ಮಿಷ್ಟ ಎಂದು ಆ್ಯಪು ಹೇಳುತ್ತಿತ್ತು. ತೋರಿಸದವರಿಗೆ ಯಾರೂ ಮನೆ ಕೊಡುತ್ತಿರಲಿಲ್ಲ.

ಕಮ್ಮಾರ ಓಣಿ ಬೂದಿ ಬಣ್ಣದ್ದು. ಅಲ್ಲಿ ನಳ ಬಂದಾಗ ಎಲ್ಲರೂ ಎಲ್ಲರೊಡನೆ ಜಗಳವಾಡುತ್ತಿದ್ದರು, ಆಮೇಲೆ ಒಬ್ಬರಿಗೊಬ್ಬರು ಕೊಡ ಎತ್ತಿಕೊಡುತ್ತಿದ್ದರು. ಬಸ್ ಡಿಪೋದಲ್ಲಿ ಫಿಟ್ಟರ್ ಆಗಿ ನಿವೃತ್ತನಾದ ಯಮನಪ್ಪ ಬಾರಕೇರನ ಮನೆ ಅಲ್ಲಿತ್ತು. ಹೆಂಡತಿ ಕಾಶವ್ವ ಹತ್ತಿ ಗಿರಣಿಯಲ್ಲಿ ದುಡಿದು ಎದೆಯ ತುಂಬ ಅರಳೆಯ ಧೂಳು ತುಂಬಿಕೊಂಡವಳು. ಈಗ ಅವಳು ಉಸಿರಾಡುವುದು ಹಾಸಿಗೆಯ ಪಕ್ಕದ ಆಕ್ಸಿಜನ್ ಯಂತ್ರದಿಂದ. ಅದು ಗಾಳಿಯನ್ನು ಸೋಸಿ, ಮೂಗಿನ ನಳಿಕೆಗೆ ಆಕ್ಸಿಜನ್ ದೂಡುವ ಯಂತ್ರ. ಕರೆಂಟ್ ಇಲ್ಲದಿದ್ದರೆ ಬರೀ ಪೆಟ್ಟಿಗೆ. ಒಬ್ಬಳೇ ಮಗಳು ಸುನಂದಾ ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಎಂಜಿನಿಯರ್.

ಯಮನಪ್ಪ ಡಿಪೋ ಸೇರಿದಾಗಿನಿಂದ ಬುಗುರಿ ಪಕ್ಷದವನು. ದಿನಾ ಸಂಜೆ ಚಹಾ ಕುಡಿದು ಟೀವಿ ಹಚ್ಚುತ್ತಿದ್ದ. ನೋಡುತ್ತಿದ್ದುದು ಮಾತ್ರ ಕೊಡೆ ಪಕ್ಷದ ಮುಖ್ಯಮಂತ್ರಿಯನ್ನು. ಬಡವರ ಮನೆಯಲ್ಲಿ ನಾಷ್ಟಾ ಮಾಡಿ ಫೋಟೊ ತೆಗೆಸಿಕೊಳ್ಳುವ ಆ ಮನುಷ್ಯನಿಗೆ ಅವನಿಟ್ಟ ಹೆಸರು ಉಪ್ಪಿಟ್ಟು.

“ಏ ಉಪ್ಪಿಟ್ಟು! ಎಲ್ಲಿ ಕಟ್ಟಿಸಿಯೋ ದವಾಖಾನಿ? ನಿಮ್ಮತ್ತಿ ಹಿತ್ತಲದಾಗೇನು?”

“ಸಾವಕಾಶ ಬೈರಿ,” ಕಾಶವ್ವ ಹಾಸಿಗೆಯಿಂದ ಹೇಳಿದಳು. “ನಿಮ್ಮ ಒದರಾಟದಾಗ ನನ್ನ ಮಷೀನು ನಡದೈತೋ ನಿಂತೈತೋ ತಿಳೀವಲ್ದು.”

“ಸುಮ್ಕಿರು. ಅಂವಾ ಇನ್ನೇನು ಬೊಗಳ್ತಾನ ಕೇಳೂಣು.”

“ನನ್ನ ಮಾರಿಗಿಂತ ಅಂವನ ಮಾರೀನ ಹೆಚ್ಚು ನೋಡೀರಿ. ಅಂವನ್ನ ಕಟ್ಕೊಂಡಿದ್ರ ಆಗ್ತಿತ್ತು.”

ಬುಗುರಿಯ ನಾಯಕರು ಪರದೆಗೆ ಬಂದರೆ ಯಮನಪ್ಪ ಟೀವಿ ಬಂದ್ ಮಾಡುತ್ತಿದ್ದ. “ನಮ್ಮವರು ಏನಂತಾರ ನನಗ ಗೊತ್ತೈತಿ. ಅದನ್ನೇನು ನೋಡೂದು?”

ಆ ಸಂಜೆಯೂ ಬೈಗುಳ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಯಂತ್ರ ಒಮ್ಮೆ ಕೂಗಿ ಇನ್ವರ್ಟರಿಗೆ ಹೊರಳಿತು. ಆಗಷ್ಟೇ ಕೆಲಸದಿಂದ ಬಂದಿದ್ದ ಸುನಂದಾಳೂ ಸೇರಿ ಮೂವರೂ ಅದರ ಸದ್ದು ಕೇಳುತ್ತ ಕೂತರು. ಇನ್ವರ್ಟರು ಮುಗಿದರೆ ಸಿಲಿಂಡರು, ಸಿಲಿಂಡರು ಮುಗಿದರೆ ದವಾಖಾನೆ. ದವಾಖಾನೆಯವರು ಎರಡು ಸಲ ಸೇರಿಸಿಕೊಂಡು ಕಳಿಸಿದ್ದರು. “ಇದಕ್ಕ ಔಷಧ ಇಲ್ಲ, ಮನ್ಯಾಗ ಆಕ್ಸಿಜನ್ ಕೊಡ್ರಿ, ಎಷ್ಟು ದಿನ ಇರ್ತಾರ ಇರ್ತಾರ,” ಎಂದಿದ್ದರು.

ಕಮ್ಮಾರ ಓಣಿಯಲ್ಲಿ ಕರೆಂಟ್ ಯಾಕೆ ಹೋಗುತ್ತದೆ ಎಂಬುದು ಸುನಂದಾಳಿಗೆ ಗೊತ್ತಿತ್ತು.

ಬೇಸಿಗೆಯಲ್ಲಿ ಊರಿಗೆಲ್ಲ ಸಾಕಾಗುವಷ್ಟು ವಿದ್ಯುತ್ ಇರುವುದಿಲ್ಲ. ಯಾವುದಾದರೂ ಫೀಡರ್, ಎಂದರೆ ಒಂದು ಬಡಾವಣೆಗೆ ಹೋಗುವ ತಂತಿ, ಕಡಿಯಲೇಬೇಕು. ಮೊದಲು ಸರದಿಯಿತ್ತು. ಆಮೇಲೆ ಈ ಕೆಲಸವನ್ನು ಒಂದು ಪ್ರೋಗ್ರಾಮಿಗೆ ಒಪ್ಪಿಸಿದರು. ವಿರೋಧಿಗಳ ಓಣಿ ಕಡಿ ಎಂದು ಅದಕ್ಕೆ ಯಾರೂ ಹೇಳಲಿಲ್ಲ. ಮೇಲಿನವರಿಂದ ಬೈಗುಳ ಕಡಿಮೆ ಬರುವಂತೆ ನೋಡಿಕೋ ಎಂದಷ್ಟೇ ಹೇಳಿದರು. ಆಳುವ ಪಕ್ಷದ ಓಣಿ ಕಡಿದರೆ ಶಾಸಕನ ಫೋನ್ ಬರುತ್ತದೆ, ಇನ್ನೊಂದು ಪಕ್ಷದ್ದನ್ನು ಕಡಿದರೆ ಬರುವುದಿಲ್ಲ ಎಂಬುದನ್ನು ಪ್ರೋಗ್ರಾಮು ತಾನೇ ಕಲಿತುಕೊಂಡಿತು. ಬೂದಿ ಓಣಿಗಳ ಪರವಾಗಿ ಯಾರೂ ಯಾವಾಗಲೂ ಫೋನ್ ಮಾಡುತ್ತಿರಲಿಲ್ಲ. ಹಾಗಾಗಿ ಯಾರ ಸರ್ಕಾರ ಬಂದರೂ ಮೊದಲು ಕತ್ತಲಾಗುವುದು ಬೂದಿ ಓಣಿಯೇ. ಪರದೆಯ ಮೇಲೆ ಫೀಡರಿನ ಹೆಸರು ಮೂಡುತ್ತದೆ, ಸುನಂದಾ ಗುಂಡಿ ಒತ್ತುತ್ತಾಳೆ. ಅವಳ ಕೆಲಸವೇ ಅದು.

ಬೇರೆ ಮನೆ ಹುಡುಕಿಕೊಡಲು ಸುನಂದಾ ಕರೆಸಿದ್ದ ಬ್ರೋಕರ್ ಮೌನೇಶ ಪತ್ತಾರ ಚಹಾದ ಕಪ್ಪು ಕೆಳಗಿಟ್ಟು ಫೋನ್ ತೆಗೆದ.

“ಕರೆಂಟ್ ಹೋಗದ ಓಣಿ ಬೇಕಂದ್ರ ಹಳದಿ ಓಣೀನ ಆಗಬೇಕ್ರಿ ಮೇಡಂ. ಶಾಂತಿಸಾಗರ ಲೇಔಟಿನಾಗ ಮೂರನೇ ಮಹಡಿ ಒಂದು ಖಾಲಿ ಐತಿ, ಲಿಫ್ಟ್ ಐತಿ. ನಿಮ್ಮ ಅಂಕ ಹೆಂಗೈತಿ ನೋಡೂಣು, ಕಾಕಾರ ಹೆಸರಿನ ಮೀಟರ್ ನಂಬರ್ ಹೇಳ್ರಿ.”

ಸುನಂದಾ ಆಸೆಯಿಲ್ಲದೆ ಹೇಳಿದಳು. ಮೌನೇಶ ಪರದೆ ನೋಡಿ ಸೀಟಿ ಹೊಡೆದ.

“ಎಲಾ ಇವನ! ಅಪ್ಪಟ ಹಳದಿ ಐತಲ್ರೀ! ಇಷ್ಟು ಹಳದಿ ನಮ್ಮ ಕೊಡೆ ಪಕ್ಷದ ಆಫೀಸಿನ ಮೀಟರೂ ಇರಾಕಿಲ್ಲ.”

“ಯಾರ ಮನಿ?” ಯಮನಪ್ಪ ಎದ್ದು ನಿಂತ. “ಏ ತಮ್ಮಾ, ಯಾರಿಗಂತಿ? ನಾ—”

“ಅಪ್ಪಾ, ಅವ್ವಗ ನೀರು ಕೊಡು,” ಎಂದಳು ಸುನಂದಾ. ಅವನನ್ನು ಒಳಗೆ ಕಳಿಸಿ, ಬ್ರೋಕರನಿಗೆ ಮನೆ ಗಟ್ಟಿ ಮಾಡಲು ಹೇಳಿ ಬೀಳ್ಕೊಟ್ಟಳು.

ಮರುದಿನ ಕೊಠಡಿಯಲ್ಲಿ ಮೇಲಧಿಕಾರಿ ಜಂಬಗಿಯವರನ್ನು ಸುಮ್ಮನೆ ಕೇಳುವವಳಂತೆ ಕೇಳಿದಳು. “ಸರ್, ಬೈಯಾಕಂತ ಟೀವಿ ನೋಡೋ ಮಂದೀನೂ ಇರ್ತಾರಲ್ಲ?”

ಜಂಬಗಿ ನಕ್ಕರು. “ನಮ್ಮ ಊರಾಗ ಅರ್ಧ ಮಂದಿ ಅದಕ್ಕ ನೋಡ್ತಾರ. ಏನ್ ಮಾಡೂದು, ಮೀಟರಿಗೆ ಕಣ್ಣು ಕೊಟ್ಟಾರ, ಕಿವಿ ಕೊಟ್ಟಿಲ್ಲ. ನೋಡಿದ್ದು ನೋಡಿದ್ದ. ಬೇಕಂದ್ರ ತಪ್ಪೈತಿ ಅಂತ ಬರದು ಕೊಡು, ಮ್ಯಾಲೆ ಕಳಸ್ತೀನಿ.”

ಅವಳು ಬರೆದುಕೊಡಲಿಲ್ಲ. ತಪ್ಪು ಸರಿಯಾದರೆ ಶಾಂತಿಸಾಗರದ ಮನೆ ಹೋಗುತ್ತಿತ್ತು.

ಮನೆಯಲ್ಲಿ ಜಗಳ ಬಹಳ ಹೊತ್ತು ನಡೆಯಲಿಲ್ಲ. “ಕೊಡೆಯವರ ನಡುವ ನಾ ಹೆಂಗಿರ್ಲಿ? ಡಿಪೋದವ್ರು ಕೇಳಿದ್ರ ಉಗುಳ್ತಾರ,” ಎಂದ ಯಮನಪ್ಪ.

“ಅವ್ವ ಉಸುರಾಡಬೇಕೋ ಬ್ಯಾಡೋ, ಅಷ್ಟು ಹೇಳು,” ಎಂದಳು ಸುನಂದಾ.

ಅವನು ಕಾಶವ್ವನ ಕಡೆ ನೋಡಿದ. ಅವಳು ನಳಿಕೆ ಸರಿ ಮಾಡಿಕೊಳ್ಳುತ್ತ ಹೇಳಿದಳು: “ನೋಡ್ರಿ, ನಿಮ್ಮ ಬೈಗಳಕ್ಕೂ ಒಂದು ಬೆಲಿ ಬಂತು.”

ಶಾಂತಿಸಾಗರದಲ್ಲಿ ಕರೆಂಟ್ ಹೋಗುತ್ತಿರಲಿಲ್ಲ. ಇನ್ವರ್ಟರಿನ ಮೇಲೆ ಧೂಳು ಕೂತಿತು. ಕಾಶವ್ವ ಬಾಲ್ಕನಿಯವರೆಗೆ ನಳಿಕೆ ಎಳೆದುಕೊಂಡು ಹೋಗಿ ಬಿಸಿಲಿಗೆ ಕೂರುವಷ್ಟಾದಳು. ಲೇಔಟಿನ ಕಾರ್ಯದರ್ಶಿ ವಿಮಲಾ ಹೊಸಮನಿ ಎದುರು ಮನೆಯವಳು, ಒಳ್ಳೆಯ ಹೆಂಗಸು. ಬಂದ ದಿನವೇ ಕಡಲೆಹಿಟ್ಟಿನ ಜುಣಕದ ವಡೆ ಕೊಟ್ಟಳು. “ಇಲ್ಲಿ ಎಲ್ಲಾರೂ ಒಂದ ಮನಸಿನವರು ನೋಡ್ರಿ, ತಂಟೆ ಇಲ್ಲ ತಕರಾರಿಲ್ಲ,” ಎಂದಳು. ಎಲ್ಲ ಮನೆಗಳ ಅಂಕವನ್ನು ಆಗಾಗ ತೆಗೆದು ನೋಡುವುದೂ ಅವಳದೇ ಕೆಲಸ.

ಗೋಡೆ ತೆಳ್ಳಗಿತ್ತು. ಯಮನಪ್ಪನಿಗೆ ಬೈಯಲು ಬರುವಂತಿರಲಿಲ್ಲ. ಬೈಯಲಾಗದ ಮೇಲೆ ಅವನು ಟೀವಿ ಹಚ್ಚುವುದನ್ನೇ ಬಿಟ್ಟ. ಅಂಕ ಇಳಿಯತೊಡಗಿತು.

“ಅಪ್ಪಾ, ದಿನಾ ಸಂಜಿಕೆ ಕೂಡಬೇಕು ನೀ,” ಎಂದಳು ಸುನಂದಾ.

“ಬಾಯಿ ಮುಚ್ಕೊಂಡು ಅಂವನ್ನ ನೋಡ್ಲಿ? ಅದಕ್ಕಿಂತ ವಿಷ ಕುಡೀತೀನಿ.”

ಆದರೂ ಕೂತ. ಎಲೆ ಅಡಿಕೆ ಸುಣ್ಣ ದೊಡ್ಡದಾಗಿ ಮಡಚಿ ಬಾಯಿಗೆ ತುರುಕಿಕೊಂಡು, ಮುಖ್ಯಮಂತ್ರಿಯ ಭಾಷಣ ಮುಗಿಯುವವರೆಗೆ ಜಗಿಯುತ್ತಿದ್ದ. ಕೆಲವು ಸಲ ಕಣ್ಣಲ್ಲಿ ನೀರು ಬರುತ್ತಿತ್ತು. ಸುಣ್ಣ ಹೆಚ್ಚಾಯಿತೆಂದು ಹೇಳುತ್ತಿದ್ದ. ವಿಮಲಾ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, “ಎಷ್ಟು ಭಕ್ತಿಲೆ ನೋಡ್ತಾರ್ರಿ ಕಾಕಾರು,” ಎಂದಳು. ಕಾಶವ್ವ ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು.

ಚುನಾವಣೆಯಲ್ಲಿ ಯಮನಪ್ಪ ಬುಗುರಿಗೇ ಒತ್ತಿದ. ಅಲ್ಲಿ ಮೀಟರು ಇರಲಿಲ್ಲ. ಬುಗುರಿ ಗೆದ್ದಿತು. ಲೇಔಟು ಆ ಮಧ್ಯಾಹ್ನ ಸತ್ತವರ ಮನೆಯಂತಿತ್ತು. ಯಮನಪ್ಪ ಬಾಗಿಲು ಹಾಕಿ, ಜೇಬಿನಿಂದ ಪೇಡೆಯ ಪೊಟ್ಟಣ ತೆಗೆದು ಕಾಶವ್ವನ ಬಾಯಿಗೆ ಒಂದು ಚೂರು ಇಟ್ಟ.

“ಗೆದ್ವಿ,” ಎಂದ ಪಿಸುಮಾತಿನಲ್ಲಿ.

“ಯಾರು ಗೆದ್ರಿ?” ಕಾಶವ್ವ ಕೇಳಿದಳು. “ಈ ಓಣಿ ಸೋತೈತಲ್ಲ, ನಾವು ಇಲ್ಲಿ ಅದೀವಿ.”

ಸುನಂದಾ ಪೇಡೆ ಮುಟ್ಟಲಿಲ್ಲ. ಮುಂದೇನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಹೊಸ ಸರ್ಕಾರದವರು ಪ್ರೋಗ್ರಾಮನ್ನು ಮುಟ್ಟಲಿಲ್ಲ. ಮುಟ್ಟುವ ಅಗತ್ಯವಿರಲಿಲ್ಲ. ನೇರಳೆ ಓಣಿ ಕಡಿದರೆ ಫೋನ್ ಬರತೊಡಗಿತು, ಹಳದಿ ಕಡಿದರೆ ಬರಲಿಲ್ಲ. ವಾರ ತುಂಬುವುದರೊಳಗೆ ಅದು ಹೊಸ ಪಾಠ ಕಲಿತಿತ್ತು. ಮೊದಲ ಸಲ ಪರದೆಯ ಮೇಲೆ ‘ಶಾಂತಿಸಾಗರ ಫೀಡರ್’ ಮೂಡಿದಾಗ ಸುನಂದಾಳ ಬೆರಳು ನಿಂತಿತು.

ಪಕ್ಕದಲ್ಲಿದ್ದ ಜಂಬಗಿ ನೋಡಿದರು. “ನೀ ಒತ್ತಲಿಲ್ಲಂದ್ರ ಹತ್ತು ಸೆಕೆಂಡಿಗೆ ತಾನ ಕಡೀತೈತಿ. ಸುಮ್ನ ನಿನ್ನ ಹೆಸರಿನಾಗ ಒಂದು ಕೆಂಪು ಗೆರಿ ಬೀಳ್ತೈತಿ.”

“ಸರ್, ನಮ್ಮವ್ವ ಅಲ್ಲಿ ಅದಾಳ. ಮಷೀನಿನ ಮ್ಯಾಲೆ.”

“ಗೊತ್ತೈತವ್ವಾ. ಇಷ್ಟು ದಿನ ಕಡದಿದ್ದ ಓಣಿಯಾಗೂ ಯಾರದರ ಅವ್ವ ಇದ್ಲು.” ಅವರು ಕಠಿಣವಾಗಿ ಹೇಳಲಿಲ್ಲ. ಲೆಕ್ಕ ಹೇಳುವಂತೆ ಹೇಳಿದರು. “ಮನಿ ಬದಲು ಮಾಡು. ಬೇರೆ ದಾರಿ ಇಲ್ಲ.”

ಅವಳು ಒತ್ತಿದಳು.

ಮೌನೇಶ ಪತ್ತಾರ ಈ ಸಲ ಚಹಾ ಕುಡಿಯಲಿಲ್ಲ. “ಎಲ್ಲಾ ಹಳದಿಯವ್ರೂ ನೇರಳೆ ಓಣಿ ಕೇಳಾಕತ್ತಾರ್ರಿ ಮೇಡಂ. ಅಲ್ಲಿಯವ್ರು ಹಳೇ ಅಂಕ ನೋಡ್ತಾರ. ನಿಮ್ಮದು ನೋಡಿದ್ರ ಗೇಟಿನಾಗೂ ಬಿಡೂದಿಲ್ಲ.”

ನೇರಳೆಯವರನ್ನು ಕೇಳಲು ತಾನೇ ಹೋಗುತ್ತೇನೆಂದ ಯಮನಪ್ಪ. ಟ್ರಂಕಿನಿಂದ ಪಕ್ಷದ ಹಳೆಯ ಬಿಲ್ಲೆ ತೆಗೆದು ಅಂಗಿಗೆ ಚುಚ್ಚಿಕೊಂಡ. ಸುನಂದಾ ಸ್ಕೂಟರಿನಲ್ಲಿ ಕರೆದೊಯ್ದಳು. ನೇರಳೆ ಬಡಾವಣೆಯ ಅಧ್ಯಕ್ಷ ಅವಳಿಗಿಂತ ಚಿಕ್ಕವನು. ಬಿಲ್ಲೆಯನ್ನು ಎರಡೂ ಕಡೆ ತಿರುಗಿಸಿ ನೋಡಿದ.

“ಅಜ್ಜಾ, ಇಂಥಾವು ಈಗ ಪ್ಯಾಟ್ಯಾಗ ಸಿಗ್ತಾವ.”

“ನಿಮ್ಮಪ್ಪ ಹುಟ್ಟೂಕಿಂತ ಮೊದಲ ಈ ಬಿಲ್ಲೆ ಹಾಕ್ಕೊಂಡು ಲಾಠಿ ಏಟು ತಿಂದೀನಿ ನಾ!”

“ಇರಬೌದು. ಆದ್ರ ಮೀಟರಿನಾಗ ದಿನಾ ಉಪ್ಪಿಟ್ಟಿನ ಭಾಷಣ ಐತಲ್ಲ.”

ಆ ಹೆಸರು ಕೇಳಿ ಯಮನಪ್ಪನ ಮುಖ ಅರಳಿತು. ತಾನು ಮನೆಯೊಳಗೆ ಇಟ್ಟ ಹೆಸರು ಊರಲ್ಲೂ ಇತ್ತು. “ಹ್ಞಾ, ಉಪ್ಪಿಟ್ಟು! ಅಂವನ್ನ ಬೈಯಾಕ ನೋಡ್ತಿದ್ದೆ ತಮ್ಮಾ! ಕೇಳಿಲ್ಲಿ, ಹೆಂಗ ಬೈತಿದ್ದೆ ಅಂದ್ರ—” ಎಂದು ಗೇಟಿನಲ್ಲಿ ನಿಂತೇ ಶುರು ಮಾಡಿದ. ಎಲೆ ಅಡಿಕೆಯ ಹಿಂದೆ ಇಷ್ಟು ದಿನ ತಡೆದಿಟ್ಟದ್ದೆಲ್ಲ ಹೊರಗೆ ಬಂತು. ವಾಚ್‌ಮನ್ ನಕ್ಕ. ಬಾಲ್ಕನಿಗಳಲ್ಲಿ ಜನ ಸೇರಿದರು, ಒಬ್ಬ ಚಪ್ಪಾಳೆ ತಟ್ಟಿದ.

ಅಧ್ಯಕ್ಷ ಕೊನೆಯವರೆಗೂ ಕೇಳಿದ. “ಚೊಲೊ ಬೈತೀರಿ,” ಎಂದ. “ಆದ್ರ ಮೊನ್ನಿಂದ ಬರೋರೆಲ್ಲಾ ಹಿಂಗ ಬೈಯಾಕತ್ತಾರ. ಬೈಗಳಕ್ಕ ಅಂಕ ಇಲ್ಲ ಅಜ್ಜಾ.”

ಬರುವಾಗ ಸ್ಕೂಟರಿನ ಹಿಂದೆ ಕೂತ ಯಮನಪ್ಪ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಶಾಂತಿಸಾಗರ ಆ ದಿನ ಎರಡನೇ ಸಲ ಪರದೆಯ ಮೇಲೆ ಮೂಡಿತು. ಬೆಳಿಗ್ಗೆಯ ಕಡಿತದಲ್ಲಿ ಖಾಲಿಯಾದ ಇನ್ವರ್ಟರು ಇನ್ನೂ ತುಂಬಿರಲಿಲ್ಲ. ಸಿಲಿಂಡರು ಹಿಂದಿನ ದಿನ ಮುಗಿದಿತ್ತು. ಹಳದಿ ಓಣಿಗಳೆಲ್ಲ ಒಟ್ಟಿಗೆ ಕೇಳುತ್ತಿದ್ದರಿಂದ ಸಿಲಿಂಡರಿನವನು ನಾಳೆ ಎಂದಿದ್ದ. ಇದೆಲ್ಲ ಸುನಂದಾಳಿಗೆ ಗೊತ್ತಿತ್ತು. ಅವಳು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಪರದೆ ನೋಡುತ್ತ ಕೂತಳು. ಹತ್ತು ಸೆಕೆಂಡ್ ಕಳೆಯಿತು. ಅವಳ ಹೆಸರಿನ ಮುಂದೆ ಕೆಂಪು ಗೆರೆ ಬಿತ್ತು. ಫೀಡರ್ ತಾನೇ ಕಡಿದುಹೋಯಿತು.

ಮನೆಗೆ ಫೋನ್ ಹಚ್ಚಿದಳು.

“ಕರೆಂಟ್ ಹೋತು,” ಎಂದ ಯಮನಪ್ಪ.

“ಇನ್ವರ್ಟರ್?”

“ಒದರಾಕತ್ತೈತಿ.”

“ವಿಮಲಕ್ಕನ ಕಾರಿನಾಗ ದವಾಖಾನಿಗೆ ಒಯ್ಯಿ. ಈಗ, ಈಗಿಂದೀಗ!”

“ಲಿಫ್ಟ್ ನಿಂತೈತಲ್ಲವ್ವಾ,” ಎಂದ ಯಮನಪ್ಪ. ಅವಳಿಗೆ ಅದು ಹೊಳೆದೇ ಇರಲಿಲ್ಲ.

ಕುರ್ಚಿಯಲ್ಲಿ ಕೂರಿಸಿ ನಾಲ್ವರು ಇಳಿಸಿದರು. ಕುರ್ಚಿಯ ಹಿಂದಿನ ಕಾಲು ಹಿಡಿದವರು ಯಮನಪ್ಪ ಮತ್ತು ವಿಮಲಾಳ ಗಂಡ, ಮುಂದಿನದು ಮತ್ತಿಬ್ಬರು. ಮೆಟ್ಟಿಲು ಕಿರಿದು, ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡಿತು. ಕಾಶವ್ವ ಗಂಡನ ಅಂಗಿ ಹಿಡಿದು ಏನೋ ಹೇಳಲು ನೋಡಿದಳು. ಮಾತಿಗೆ ಬೇಕಾದ ಗಾಳಿ ಇರಲಿಲ್ಲ. ಕುರ್ಚಿಯನ್ನು ಬಿಡಿಸುವಷ್ಟರಲ್ಲಿ ಕೈ ಸಡಿಲಾಗಿತ್ತು. ಆದರೂ ಕೆಳಗಿನವರೆಗೆ ಇಳಿಸಿದರು, ಕಾರಿನಲ್ಲಿ ಹಾಕಿದರು, ದವಾಖಾನೆಗೂ ಒಯ್ದರು. ಅವರು ಸೇರಿಸಿಕೊಳ್ಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಯಮನಪ್ಪ ಹಲವು ದಿನ ಟೀವಿ ಹಚ್ಚಲಿಲ್ಲ. ಆಮೇಲೊಂದು ಸಂಜೆ ತಾನೇ ಟೀವಿ ಹಚ್ಚಿದ. ಬುಗುರಿಯ ಹೊಸ ಮುಖ್ಯಮಂತ್ರಿ ಮಾತಾಡುತ್ತಿದ್ದ, ನಾಡಿನಲ್ಲಿ ಎಲ್ಲೂ ಕತ್ತಲಿಲ್ಲ ಎನ್ನುತ್ತಿದ್ದ. ಯಮನಪ್ಪ ಎಲೆ ಅಡಿಕೆ ಉಗುಳಿ ಬಂದು ಪರದೆಯ ಮುಂದೆ ನಿಂತ.

“ಸುಳ್ಳು ಬೊಗಳಬ್ಯಾಡಲೇ! ನಿನಗ ಓಟು ಒತ್ತಿದ ಬೆರಳ ಕಡಕೊಂತೀನಿ! ಬಾ ಇಲ್ಲಿ, ನಮ್ಮ ಮೆಟ್ಟಲಾ ಇಳದು ತೋರ್ಸು ಬಾ!”

ಗೋಡೆಯಾಚೆ ಎಲ್ಲರಿಗೂ ಕೇಳಿಸಿತು. ವಿಮಲಾ ಬಾಗಿಲಿಗೆ ಬಂದು ಕಣ್ಣೊರೆಸಿಕೊಂಡಳು. “ಬೈರಿ ಕಾಕಾ, ನಮ್ಮ ಪರವಾಗಿಯೂ ಬೈರಿ,” ಎಂದಳು. ಅಂದಿನಿಂದ ಅವನು ಕೊಡೆಯವನಾದ. ಯಾವ ಸಭೆಗೂ ಹೋಗಲಿಲ್ಲ, ಯಾವ ಬಿಲ್ಲೆಯೂ ಹಾಕಲಿಲ್ಲ. ದಿನಾ ಸಂಜೆ ಕರೆಂಟ್ ಇದ್ದಷ್ಟು ಹೊತ್ತು ಹೊಸ ಮುಖ್ಯಮಂತ್ರಿಯನ್ನು ನೋಡಿದ, ಭಾಷಣ ಮುಗಿಯುವವರೆಗೂ ಬೈದ. ಉಪ್ಪಿಟ್ಟು ಪರದೆಗೆ ಬಂದರೆ ಬಂದ್ ಮಾಡಿದ. ನಮ್ಮವರು ಏನಂತಾರ ಗೊತ್ತೈತಿ ಎನ್ನುತ್ತಿದ್ದ.

ಮಳೆಗಾಲ ಬರುವ ಹೊತ್ತಿಗೆ ವಿಮಲಾ ಫೋನ್ ಹಿಡಿದುಕೊಂಡು ಬಂದಳು. ಕೂರಲಿಲ್ಲ.

“ಸುನಂದಾ, ತಪ್ಪು ತಿಳೀಬ್ಯಾಡ. ನಿಮ್ಮ ಮನಿ ನೇರಳೆ ಬಂದೈತಿ. ಕಾಕಾ ಬೈಯೂದು ನಮಗೆಲ್ಲಾ ಕೇಳತೈತಿ, ಸುಳ್ಳಲ್ಲ. ಆದ್ರ ಕಮಿಟಿಯವ್ರು ಅಂಕ ನೋಡ್ತಾರ. ಒಂದು ಮನಿ ಹಿಂಗಿದ್ರ ಇಡೀ ಲೇಔಟಿನ ಸರಾಸರಿ ಕೆಡತೈತಿ, ನಾಳೆ ಬೂದಿ ಓಣಿ ಆಗಿಬಿಡ್ತೀವಿ.”

“ನಮ್ಮಪ್ಪ ಬೈಯಾಕ ನೋಡ್ತಾನಕ್ಕಾ,” ಎಂದಳು ಸುನಂದಾ. ಹೇಳುವಾಗಲೇ ಅದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿತ್ತು.

“ಎಲ್ಲಾರೂ ಹಂಗ ಅಂತಾರವ್ವಾ.”

ಮೌನೇಶ ಪತ್ತಾರನ ಫೋನ್ ಅದೇ ವಾರ ಬಂತು. ಅವನಿಗೆ ಕಾಶವ್ವ ಹೋದದ್ದು ತಿಳಿದಿರಲಿಲ್ಲ. ಖುಷಿಯಲ್ಲಿದ್ದ. “ಮೇಡಂ, ನಿಮ್ಮ ಅಂಕ ಭಾರೀ ಸುಧಾರಿಸೈತ್ರಿ! ಆ ಗೇಟಿನಿಂದ ಹೊರಗ ಹಾಕಿದ್ರಲ್ಲ, ಅವ್ರ ಕರಿಯಾಕತ್ತಾರ. ನೆಲ ಅಂತಸ್ತು, ಲಿಫ್ಟಿನ ಕಾಟ ಇಲ್ಲ. ಅವ್ವಾರಿಗೆ ಭಾಳ ಅನುಕೂಲ.”

ಕಮ್ಮಾರ ಓಣಿಯ ಹಳೆಯ ಮನೆ ಎಂದೋ ಬಿಟ್ಟುಕೊಟ್ಟಾಗಿತ್ತು, ಬೇರೆ ಓಣಿಯವರು ಯಾರೂ ಅವರಿಗೆ ಮನೆ ಕೊಡುತ್ತಿರಲಿಲ್ಲ. ಅಪ್ಪ ಮಗಳು ನೇರಳೆ ಬಡಾವಣೆಗೆ ಹೋದರು.

ಆಕ್ಸಿಜನ್ ಯಂತ್ರವನ್ನು ಸುನಂದಾ ಶಾಂತಿಸಾಗರದ ಇನ್ನೊಂದು ಮನೆಯವರಿಗೆ ಕೊಟ್ಟಳು. ಅಲ್ಲಿ ಒಬ್ಬ ಮುದುಕನಿಗೆ ಬೇಕಾಗಿತ್ತು. ಆ ಫೀಡರಿನ ಹೆಸರು ಈಗಲೂ ಅವಳ ಪರದೆಯ ಮೇಲೆ ಮೂಡುತ್ತದೆ. ಮೊದಮೊದಲು ಅವಳು ಹತ್ತು ಸೆಕೆಂಡ್ ಕಾಯುತ್ತಿದ್ದಳು, ಗೆರೆಗಳು ಬಿದ್ದವು, ಸಂಬಳ ತಡೆಯುತ್ತೇವೆಂದರು. ಈಗ ಕಾಯುವುದಿಲ್ಲ.

ಹೊಸ ಮನೆಯ ಗೋಡೆಗಳೂ ತೆಳ್ಳಗಿವೆ. ಸಂಜೆಯಾದರೆ ಯಮನಪ್ಪ ದೊಡ್ಡದೊಂದು ಎಲೆ ಅಡಿಕೆ ಮಡಚಿ ಬಾಯಿಗೆ ತುರುಕಿಕೊಂಡು ಟೀವಿಯ ಮುಂದೆ ಕೂರುತ್ತಾನೆ. ಮುಖ್ಯಮಂತ್ರಿ ಮಾತಾಡುತ್ತಾನೆ, ಇವನು ಜಗಿಯುತ್ತಾನೆ. ಪಕ್ಕದ ಮನೆಯವರು ಹಾದುಹೋಗುವಾಗ ಕಿಟಕಿಯಲ್ಲಿ ನೋಡಿ ಮೆಚ್ಚುತ್ತಾರೆ. ಭಾಷಣ ಅರ್ಧಕ್ಕೆ ನಿಲ್ಲಲಿ ಎಂದು ಅವನು ಕಾಯುತ್ತಾನೆ. ನಿಲ್ಲುವುದಿಲ್ಲ. ಈ ಓಣಿಯಲ್ಲಿ ಕರೆಂಟ್ ಹೋಗುವುದೇ ಇಲ್ಲ.